ತಪ್ಪನ್ನು ಹೇಳುವವರು, ಹೇಳಲು ಬಿಡದವರು



ಮಳೆಗಾಲದ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಕುಳಿತಿದ್ದೆ. ಹಿಂದೆ ಮದ್ರಸದಲ್ಲಿ ನನ್ನ ಬಳಿ ಓದಿದ ಹುಡುಗಿಯೊಬ್ಬಳು ತಾಯಿಯನ್ನು ಕರೆದುಕೊಂಡು ಬಂದಳು. ಈಗ ಆಕೆ ಒಂದು ಆಸ್ಪತ್ರೆಯಲ್ಲಿ ನರ್ಸ್. ತಾಯಿ ಬಾಗಿಲ ಬಳಿ ನನ್ನ ಪತ್ನಿಯೊಡನೆ ಮಾತಿಗೆ ಕುಳಿತರು. ಹುಡುಗಿ ಜಗಲಿಯಲ್ಲಿ ನಿಂತೇ ಕೇಳಿದಳು: "ಉಸ್ತಾದ್, ಯಾರಿಗೂ ಗೊತ್ತಿಲ್ಲದ ತಪ್ಪಿಗೆ ತೌಬಾ ಮಾಡಿದರೆ ಸಾಕಲ್ಲವೇ?"

ಅವಳು ಹೇಳಿದ ಸಂಗತಿ ಇದು. ನಮ್ಮ ದೇಶದಲ್ಲಿ ಇನ್ಸುಲಿನ್ ಔಷಧದ ಬಾಟಲಿಗಳು ಎರಡು ಬಗೆಯಲ್ಲಿ ಸಿಗುತ್ತವೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್ ಇರುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಅಂದು ರಾತ್ರಿ ಪಾಳಿಯಲ್ಲಿ ಒಬ್ಬ ವೃದ್ಧರಿಗೆ 20 ಯೂನಿಟ್ ಕೊಡಬೇಕಿತ್ತು. ಬಾಟಲಿ 100ರದ್ದು. ಅವಸರದಲ್ಲಿ ಅವಳ ಕೈಗೆ ಸಿಕ್ಕಿದ್ದು ಕೆಂಪು ಮುಚ್ಚಳದ ಸಿರಿಂಜು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್ ಆಗುತ್ತದೆ. ಅಂದರೆ ರೋಗಿಯ ಮೈ ಸೇರಿದ್ದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು ಹೆಚ್ಚು.

ನಡುರಾತ್ರಿ ಕಳೆದ ಮೇಲೆ ವೃದ್ಧರು ಬೆವರತೊಡಗಿದರು, ಅಸಂಬದ್ಧವಾಗಿ ಮಾತನಾಡತೊಡಗಿದರು. ಪರೀಕ್ಷಿಸಿದಾಗ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಗ್ಲೂಕೋಸ್ ಏರಿಸಿದರು. ಅಲ್ಲಾಹನ ಕೃಪೆಯಿಂದ ಸ್ವಲ್ಪ ಹೊತ್ತಿನಲ್ಲೇ ಚೇತರಿಸಿಕೊಂಡರು. ಬೆಳಗ್ಗೆ ವೈದ್ಯರು ಬಂದು, ರಾತ್ರಿ ಸರಿಯಾಗಿ ಊಟ ಮಾಡಿರಲಿಕ್ಕಿಲ್ಲ ಎಂದು ಬರೆದು ಹೋದರು. ಬಳಸಿದ ಸಿರಿಂಜನ್ನು ಎಸೆಯುವಾಗ ಕೆಂಪು ಮುಚ್ಚಳ ಕಂಡವಳು ಇವಳೊಬ್ಬಳೇ. ಅವಳು ಸುಮ್ಮನಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅವಳ ಸಂಬಳವೇ ಆಧಾರ.

ನಾನು ಏನು ಹೇಳಿದೆ ಗೊತ್ತೇ? "ನೋಡಮ್ಮಾ, ಉದ್ದೇಶವಿಲ್ಲದೆ ಆದದ್ದಕ್ಕೆ ಅಲ್ಲಾಹನು ಹಿಡಿಯುವುದಿಲ್ಲ. ಅವರು ಗುಣವಾದರಲ್ಲ. ಅಲ್ಲಾಹನು ಹಾಕಿದ ಪರದೆಯನ್ನು ನೀನೇ ಏಕೆ ಹರಿಯುತ್ತೀ? ತೌಬಾ ಮಾಡು, ಕೈಲಾದಷ್ಟು ಸದಕಾ ಕೊಡು, ಇನ್ನು ಮುಂದೆ ಎಚ್ಚರದಿಂದಿರು." ಅವಳ ಮುಖ ಹಗುರವಾಯಿತು. ಒಳ್ಳೆಯ ಮಾತು ಹೇಳಿದೆನೆಂಬ ಸಮಾಧಾನದಿಂದ ನಾನೂ ಮಲಗಿದೆ.

ಎರಡು ತಿಂಗಳ ಬಳಿಕ ಅವಳು ಮತ್ತೆ ಬಂದಳು. "ಉಸ್ತಾದ್, ಆ ಎರಡೂ ಪೆಟ್ಟಿಗೆಗಳು ಈಗಲೂ ಒಂದೇ ಡ್ರಾಯರಿನಲ್ಲಿವೆ. ನಾನು ಡ್ಯೂಟಿಗೆ ಹೋದಾಗ ಬೇರೆ ಮಾಡಿಡುತ್ತೇನೆ. ಮರುದಿನ ನೋಡಿದರೆ ಮತ್ತೆ ಒಟ್ಟಿಗಿರುತ್ತವೆ. ನನಗಿಂತ ಹೊಸಬರು ಇಬ್ಬರು ಸೇರಿದ್ದಾರೆ. ನನ್ನ ಡ್ಯೂಟಿ ಇಲ್ಲದ ರಾತ್ರಿಗಳಲ್ಲಿ ನನಗೆ ನಿದ್ದೆ ಬರುವುದಿಲ್ಲ."

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಅವಳ ಒಪ್ಪಿಗೆ ಪಡೆದು, ಅವಳ ಗುರುತು ಯಾರಿಗೂ ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳು ಇಂದು ನರ್ಸಿಂಗ್ ಮತ್ತು ಫಾರ್ಮಸಿ ಕಲಿತು ಊರಿನ ಆಸ್ಪತ್ರೆಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಇದೇ ಪ್ರಶ್ನೆ ಹೊತ್ತು ನಿದ್ದೆಗೆಟ್ಟವರು ಅವರಲ್ಲಿ ಇನ್ನೆಷ್ಟು ಮಂದಿಯೋ! ಬನ್ನಿ, ಈ ವಿಷಯವನ್ನು ಸಮಾಧಾನದಿಂದ ಪರಿಶೀಲಿಸೋಣ.

ತಪ್ಪು ಪಾಪವೇ?

ಮಾನವನು ಪ್ರಮಾದಶೀಲನು. ಆದಮರ ಮಕ್ಕಳೆಲ್ಲರೂ ತಪ್ಪುವವರೇ, ಅವರಲ್ಲಿ ಉತ್ತಮರು ಪಶ್ಚಾತ್ತಾಪಪಟ್ಟು ಮರಳುವವರು ಎಂಬುದು ಪ್ರವಾದಿ(ಸ)ರವರ ಬೋಧನೆಯ ಸಾರ. ಮರೆವಿನಿಂದಲೂ ಕೈತಪ್ಪಿನಿಂದಲೂ ಆದುದಕ್ಕೂ, ಹೃದಯವು ಸಂಕಲ್ಪಿಸಿ ಮಾಡಿದುದಕ್ಕೂ ಇಸ್ಲಾಮ್ ಸ್ಪಷ್ಟವಾದ ಗೆರೆ ಎಳೆದಿದೆ. ಈ ಮಟ್ಟಿಗೆ ನಾನು ಅವಳಿಗೆ ಹೇಳಿದ್ದು ಸರಿಯೇ ಆಗಿತ್ತು. ಆದರೆ ನಾನು ಅಲ್ಲಿಗೇ ನಿಲ್ಲಿಸಿದ್ದೆ.

ಪ್ರಮಾದದಿಂದ ಒಂದು ಜೀವ ಹೋದರೆ ಏನು ಮಾಡಬೇಕೆಂದು ಕುರ್‌ಆನ್‌ನ ಸೂರಃ ಅನ್ನಿಸಾದಲ್ಲಿ ವಿಧಿಯಿದೆ. ಉದ್ದೇಶಪೂರ್ವಕ ಕೊಲೆಗೆ ಅದರ ಮುಂದಿನ ವಚನದಲ್ಲೇ ಘೋರ ಶಿಕ್ಷೆಯ ಎಚ್ಚರಿಕೆಯಿದೆ. ಪ್ರಮಾದಕ್ಕೆ ಆ ಎಚ್ಚರಿಕೆಯಿಲ್ಲ. ಹಾಗೆಂದು, ಉದ್ದೇಶವಿರಲಿಲ್ಲ ತಾನೇ, ಹೋಗಲಿ ಬಿಡು ಎಂದು ಕೈತೊಳೆದುಕೊಳ್ಳಲು ಬಿಟ್ಟಿಲ್ಲ. ಅಲ್ಲಾಹನ ಮುಂದೆ ಪ್ರಾಯಶ್ಚಿತ್ತ ಮಾಡಬೇಕು, ಮೃತನ ಮನೆಯವರಿಗೆ ಪರಿಹಾರ ಕೊಡಬೇಕು. ಮನೆಯವರು ಬಿಟ್ಟುಕೊಟ್ಟರೆ ಮಾತ್ರ ಆ ಪರಿಹಾರದಿಂದ ವಿನಾಯಿತಿ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಬಿಟ್ಟುಕೊಡುವ ಅಧಿಕಾರ ಮನೆಯವರದ್ದು. ಆದರೆ ತಮಗೆ ಗೊತ್ತೇ ಇಲ್ಲದ ಸಂಗತಿಯನ್ನು ಯಾರಾದರೂ ಹೇಗೆ ಮನ್ನಿಸಿಯಾರು? ಮುಚ್ಚಿಟ್ಟವನು ಎದುರಿನವರ ಆರೋಗ್ಯಕ್ಕೆ ಹಾನಿ ಮಾಡಿದ್ದಲ್ಲದೆ, ಅವರು ಕ್ಷಮಿಸಬಹುದಾದ ಅವಕಾಶವನ್ನೂ ಕಿತ್ತುಕೊಂಡಂತಾಯಿತು. ಅಲ್ಲಾಹನಿಗೂ ನಮಗೂ ನಡುವಿನ ತಪ್ಪನ್ನು ಅವನು ತನ್ನ ಕರುಣೆಯಿಂದ ಮನ್ನಿಸುವನು. ಹಕ್ಕುಲ್ ಇಬಾದ್, ಅಂದರೆ ದಾಸರ ಹಕ್ಕು, ಹಾಗಲ್ಲ. ಅದು ಹಕ್ಕುದಾರನ ಬಾಗಿಲಿಗೆ ಹೋಗಿಯೇ ತೀರಬೇಕು. ಮದ್ರಸದ ಮಕ್ಕಳಿಗೆ ನಾನು ವರ್ಷವರ್ಷವೂ ಕಲಿಸುವ ಪಾಠವಿದು. ನನ್ನ ಜಗಲಿಯಲ್ಲಿ ನಿಂತವಳಿಗೆ ಅದನ್ನು ಹೇಳಲು ನನಗೆ ನೆನಪಾಗಲಿಲ್ಲ.

ಮಳೆಯಲ್ಲಿ ನೆನೆದ ಧಾನ್ಯ

ಪ್ರವಾದಿ(ಸ)ರವರು ಒಮ್ಮೆ ಮಾರುಕಟ್ಟೆಯಲ್ಲಿ ನಡೆಯುತ್ತಾ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಾಗಿತು. ಇದೇನೆಂದು ಕೇಳಿದಾಗ ವ್ಯಾಪಾರಿಯು ಮಳೆಗೆ ನೆನೆಯಿತೆಂದು ಉತ್ತರಿಸಿದನು. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂಬ ಕಠಿಣವಾದ ಎಚ್ಚರಿಕೆಯನ್ನೂ ಕೊಟ್ಟರು.

ಈ ಘಟನೆಯನ್ನು ನಾವು ವ್ಯಾಪಾರಿಗಳಿಗೆ ಮಾತ್ರ ಹೇಳುತ್ತೇವೆ. ಆದರೆ ಸೂಕ್ಷ್ಮವಾಗಿ ನೋಡಿರಿ. ಮಳೆ ಬಂದದ್ದು ಆ ವ್ಯಾಪಾರಿಯ ಅಪರಾಧವೇ? ಅಲ್ಲ. ಪ್ರವಾದಿ(ಸ)ರವರು ಮಳೆಗಾಗಿ ಅವನನ್ನು ಗದರಿಸಲಿಲ್ಲ. ಧಾನ್ಯ ಏಕೆ ನೆನೆಯಿತೆಂದೂ ಕೇಳಲಿಲ್ಲ. ಒದ್ದೆಯನ್ನು ಕೆಳಗೆ ಮಾಡಿ ಒಣಗಿದ್ದನ್ನು ಮೇಲೆ ಮಾಡಿದ ಕೈಯನ್ನು ಗದರಿಸಿದರು. ಮಳೆಗೆ ನೆನೆದದ್ದು ಆಕಸ್ಮಿಕ, ಮುಚ್ಚಿದ್ದು ಅವನ ಆಯ್ಕೆ.

ನರ್ಸ್ ಹುಡುಗಿಯ ಕೈಗೆ ಬೇರೆ ಸಿರಿಂಜು ಬಂದದ್ದು ಆ ಮಳೆಯಂತೆ. ರಾತ್ರಿ ಪಾಳಿ, ಹೆಚ್ಚು ರೋಗಿಗಳು, ಕಡಿಮೆ ಜನ, ಒಂದೇ ಡ್ರಾಯರಿನಲ್ಲಿ ಎರಡು ಪೆಟ್ಟಿಗೆ. ಬೆಳಗ್ಗೆ ವೈದ್ಯರು ಊಟದ ಮೇಲೆ ತಪ್ಪು ಹೊರಿಸಿ ಬರೆಯುವಾಗ ಸುಮ್ಮನೆ ನಿಂತದ್ದು ಮಾತ್ರ ಮಳೆಯಲ್ಲ. ಅದನ್ನು ಮುಂದುವರಿಸಲು ಸಲಹೆ ಕೊಟ್ಟ ನನ್ನ ಮಾತೂ ಮಳೆಯಲ್ಲ.

ಪರದೆ ಯಾವುದಕ್ಕೆ?

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸಹೋದರನ ಕುಂದನ್ನು ಮುಚ್ಚಿದವನ ಕುಂದನ್ನು ಅಲ್ಲಾಹನು ಮುಚ್ಚುವನೆಂದು ನಮಗೆ ಕಲಿಸಲಾಗಿದೆಯಲ್ಲವೇ? ತನ್ನ ತಪ್ಪನ್ನು ತಾನೇ ಸಾರುತ್ತಾ ತಿರುಗುವುದನ್ನೂ ಧರ್ಮ ಮೆಚ್ಚುವುದಿಲ್ಲವಲ್ಲ? ಜೊತೆಗೆ ಕೆಲಸ ಮಾಡುವವಳು ತಪ್ಪು ಔಷಧ ಕೊಟ್ಟಳೆಂದು ಮೇಲಿನವರಿಗೆ ಹೇಳಿದರೆ ಅದು ಗೀಬತ್, ಅಂದರೆ ಪರನಿಂದೆ ಆಗುವುದಿಲ್ಲವೇ?

ಮುಚ್ಚಬೇಕಾದದ್ದು ಮನುಷ್ಯನ ಮಾನವನ್ನು. ಒಬ್ಬನು ಏಕಾಂತದಲ್ಲಿ ಎಡವಿ, ನಾಚಿ, ಮರಳಿದ್ದರೆ ಅದನ್ನು ಕೆದಕುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಅಂಥಲ್ಲಿ ಪರದೆಯೇ ದಯೆ. ಆದರೆ ದಾರಿಯ ನಡುವೆ ಬಾವಿ ಬಾಯ್ದೆರೆದಿರುವಾಗ ಅದರ ಮೇಲೆ ಚಾಪೆ ಹಾಸಿ ಪರದೆ ಎನ್ನಲಾಗದು. ಇಮಾಮ್ ನವವಿ(ರ)ಯವರು ಇನ್ನೊಬ್ಬರ ಕುರಿತು ಅವರ ಹಿಂದೆ ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಜನರನ್ನು ಕೆಡುಕಿನಿಂದ ಎಚ್ಚರಿಸುವುದು ಅವುಗಳಲ್ಲೊಂದು.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಇದು: ನಾನು ಸುಮ್ಮನಿದ್ದರೆ ನನ್ನ ಮಾನ ಉಳಿಯುವುದಷ್ಟೆಯೋ, ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವೂ ಉಳಿಯುವುದೋ? ಅಪಾಯ ಉಳಿಯುವುದಾದರೆ ಅದು ಪರದೆಯಲ್ಲ, ಸಾಕ್ಷ್ಯವನ್ನು ಅಡಗಿಸುವುದು. ಸಾಕ್ಷ್ಯವನ್ನು ಅಡಗಿಸುವವನ ಹೃದಯವೇ ಪಾಪಿಯೆಂದು ಕುರ್‌ಆನ್ ಎಚ್ಚರಿಸಿದೆ. ನ್ಯಾಯಕ್ಕಾಗಿ ನಿಲ್ಲುವಾಗ ಅದು ಸ್ವತಃ ನಿಮ್ಮ ವಿರುದ್ಧವೇ ಆಗಿದ್ದರೂ, ಹೆತ್ತವರ, ಬಂಧುಗಳ ವಿರುದ್ಧವೇ ಆಗಿದ್ದರೂ ಹಿಂಜರಿಯಬಾರದೆಂದು ಆಜ್ಞಾಪಿಸಿದೆ. ಆಸ್ಪತ್ರೆಯ ಪುಸ್ತಕದಲ್ಲಿ ನನ್ನಿಂದ ಈ ತಪ್ಪಾಯಿತೆಂದು ಬರೆಯುವುದು ಇಂಥ ಸಾಕ್ಷ್ಯವೇ ಅಲ್ಲವೇ?

ಹಾಗೆಂದು ಅದನ್ನು ಬೀದಿಯಲ್ಲಿ ಸಾರಬೇಕಾಗಿಲ್ಲ. ಸರಿಪಡಿಸಬಲ್ಲವರಿಗೆ ಹೇಳಬೇಕು, ಹಾನಿಗೊಳಗಾದವರಿಗೆ ಹೇಳಬೇಕು. ಯಾರು ಮಾಡಿದರು ಎನ್ನುವುದಕ್ಕಿಂತ ಏನಾಯಿತು, ಹೇಗಾಯಿತು ಎಂಬುದನ್ನು ಮೊದಲು ಹೇಳಬೇಕು.

ಎರಡು ವಿಮಾನಗಳು

ಒಂದು ತಪ್ಪನ್ನು ಹೇಳುವುದರಿಂದ ಅಷ್ಟೇನು ಆದೀತು ಎನ್ನುವವರು ಈ ಘಟನೆಯನ್ನು ಕೇಳಬೇಕು. 1974ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಾಷಿಂಗ್ಟನ್ ಬಳಿ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವೊಂದು ಇಳಿಯುವ ಮುನ್ನ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 92 ಮಂದಿಯೂ ಸತ್ತರು. ಆ ದಾರಿಯಲ್ಲಿ ಎಷ್ಟು ಎತ್ತರದವರೆಗೆ ಇಳಿಯಬಹುದು ಎಂಬ ಬಗ್ಗೆ ನಿಯಂತ್ರಣಾಧಿಕಾರಿಗಳ ಮಾತನ್ನು ಪೈಲಟ್‌ಗಳು ಬೇರೆ ಅರ್ಥದಲ್ಲಿ ತೆಗೆದುಕೊಂಡಿದ್ದರು. ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಸುಮಾರು ಆರು ವಾರಗಳ ಮೊದಲು ಬೇರೊಂದು ಸಂಸ್ಥೆಯ ವಿಮಾನ ಇದೇ ತಪ್ಪು ತಿಳುವಳಿಕೆಯಿಂದ ಅದೇ ಬೆಟ್ಟಕ್ಕೆ ಬಡಿಯುವುದರಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಸಂಸ್ಥೆಗೆ ತಿಳಿಸಿದರು, ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು. ಉಳಿದವರಿಗೆ ಆ ಮಾತು ತಲುಪುವ ದಾರಿಯೇ ಇರಲಿಲ್ಲ.

ಆ ಬಳಿಕ 1976ರಲ್ಲಿ ಒಂದು ಹೊಸ ವ್ಯವಸ್ಥೆ ಬಂತು. ಪೈಲಟ್‌ಗಳು, ನಿಯಂತ್ರಣಾಧಿಕಾರಿಗಳು ತಮ್ಮ ತಪ್ಪುಗಳನ್ನೂ ಕಂಡ ಅಪಾಯಗಳನ್ನೂ ಬರೆದು ಕಳುಹಿಸಬಹುದು. ಅದನ್ನು ಪಡೆಯುವುದು ಶಿಕ್ಷಿಸುವ ಅಧಿಕಾರವಿರುವ ವಿಮಾನಯಾನ ಇಲಾಖೆಯಲ್ಲ, ನಾಸಾ ಸಂಸ್ಥೆ. ಅದು ಬರೆದವನ ಹೆಸರನ್ನು ತೆಗೆದು ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತದೆ. ವ್ಯಕ್ತಿಯ ಮೇಲೆ ಪರದೆ, ಅಪಾಯದ ಮೇಲೆ ಬೆಳಕು! ಇಸ್ಲಾಮಿನ ಹೆಸರೆತ್ತದ ಜನ ಇದನ್ನು ಮಾಡಿ ತೋರಿಸಿದರು. ಎರಡನ್ನೂ ಬೋಧಿಸಲ್ಪಟ್ಟ ನಾವು ಎರಡನ್ನೂ ಬೆರೆಸಿಕೊಂಡು ಕುಳಿತಿದ್ದೇವೆ.

ವೈದ್ಯಕೀಯ ಲೋಕ ಈ ಪಾಠ ಕಲಿತದ್ದು ತಡವಾಗಿ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು, ತಪ್ಪುವುದು ಮಾನವ ಸಹಜ ಎಂಬರ್ಥದ ಶೀರ್ಷಿಕೆಯ ವರದಿಯನ್ನು ಪ್ರಕಟಿಸಿತು. ಆ ದೇಶದ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಾಗಿ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿದ್ದಾರೆಂದು ಅದು ಅಂದಾಜಿಸಿತು. ಹೆಚ್ಚಿನ ತಪ್ಪುಗಳಿಗೆ ಕಾರಣ ಕೆಟ್ಟ ಜನರಲ್ಲ, ಕೆಟ್ಟ ವ್ಯವಸ್ಥೆ ಎಂಬುದು ಅದರ ಮುಖ್ಯ ಮಾತು. ಒಂದೇ ರೀತಿ ಕಾಣುವ ಬಾಟಲಿಗಳು, ಒಂದೇ ರೀತಿ ಕೇಳಿಸುವ ಹೆಸರುಗಳು, ಓದಲಾಗದ ಚೀಟಿಗಳು, ನಿದ್ದೆಯಿಲ್ಲದ ಪಾಳಿಗಳು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಔಷಧಗಳಿಂದಾಗುವ ಹಾನಿಯನ್ನು ತಡೆಯಲು ಜಾಗತಿಕ ಅಭಿಯಾನವನ್ನು ಆರಂಭಿಸಿತು. ಔಷಧ ಸಂಬಂಧಿ ತಪ್ಪುಗಳಿಂದ ಜಗತ್ತಿಗಾಗುವ ನಷ್ಟ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ಎಂದು ಅದು ಅಂದಾಜಿಸಿದೆ. ನಮ್ಮ ದೇಶದಲ್ಲೂ 2010ರಿಂದ ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಘಾಜಿಯಾಬಾದ್‌ನಲ್ಲಿ ಅದರ ಕೇಂದ್ರವಿದೆ. ವೈದ್ಯರು ಮಾತ್ರವಲ್ಲ, ನರ್ಸ್‌ಗಳೂ ಔಷಧ ಅಂಗಡಿಯವರೂ ರೋಗಿಗಳೂ ಅದಕ್ಕೆ ತಿಳಿಸಬಹುದು.

ನಿಜ ಹೇಳಿದ ನರ್ಸ್

ಇಷ್ಟು ಹೇಳಿ ಮುಗಿಸಿದರೆ ವಿಷಯ ಸುಲಭವಾಗಿ ಕಾಣುತ್ತದೆ. ನಿಜ ಹೇಳಿರಿ, ಒಳ್ಳೆಯದಾಗುತ್ತದೆ! ಆದರೆ ನಿಜ ಹೇಳಿದವರಿಗೆ ಏನಾಗುತ್ತದೆ ಎಂಬುದನ್ನು ನೋಡದೆ ಹೀಗೆ ಉಪದೇಶಿಸುವುದು ಪ್ರಾಮಾಣಿಕತೆಯಲ್ಲ.

2017ರ ಡಿಸೆಂಬರ್ 26. ಅಮೆರಿಕದ ನ್ಯಾಶ್‌ವಿಲ್ ನಗರದ ಒಂದು ದೊಡ್ಡ ಆಸ್ಪತ್ರೆ. ಸ್ಕ್ಯಾನಿಂಗ್ ಕೋಣೆಗೆ ಹೆದರಿದ್ದ 75 ವರ್ಷದ ಮಹಿಳೆಯೊಬ್ಬರಿಗೆ ಮನಸ್ಸು ಶಾಂತವಾಗಲು ವರ್ಸೆಡ್ ಎಂಬ ಔಷಧ ಕೊಡಬೇಕಿತ್ತು. ನರ್ಸ್ ಔಷಧ ಕೊಡುವ ಯಂತ್ರದಲ್ಲಿ ಆ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಒತ್ತಿದಳು. ಯಂತ್ರದಲ್ಲಿ ಅದು ಬೇರೆ ಹೆಸರಿನಲ್ಲಿತ್ತು. ಅದೇ ಎರಡು ಅಕ್ಷರಗಳಿಂದ ಆರಂಭವಾಗುವ ವೆಕುರೋನಿಯಂ ಬಂತು. ಅದು ಉಸಿರಾಟದ ಸ್ನಾಯುಗಳನ್ನೂ ಸೇರಿಸಿ ಮೈಯನ್ನೆಲ್ಲ ಸ್ತಬ್ಧಗೊಳಿಸುವ ಔಷಧ. ಅದರ ಬಾಟಲಿಯ ಮುಚ್ಚಳದ ಮೇಲೆ ಎಚ್ಚರಿಕೆಯಿತ್ತು. ಅದು ದ್ರವವಲ್ಲ, ಕಲಸಬೇಕಾದ ಪುಡಿಯಾಗಿತ್ತು. ಇವೆಲ್ಲವನ್ನೂ ಅವಳು ದಾಟಿ ಹೋದಳು. ಆ ಮಹಿಳೆ ಮರುದಿನ ತೀರಿಕೊಂಡರು.

ತಪ್ಪು ಗೊತ್ತಾದ ಕೂಡಲೇ ಆ ನರ್ಸ್ ತನ್ನಿಂದ ಹೀಗಾಯಿತೆಂದು ತಾನೇ ಹೇಳಿದಳು. ಮುಂದೇನಾಯಿತು? ಆಸ್ಪತ್ರೆ ಅವಳನ್ನು ಕೆಲಸದಿಂದ ತೆಗೆಯಿತು. ಆದರೆ ಕಾನೂನಿನಂತೆ ಸರಕಾರಕ್ಕೆ ತಿಳಿಸಬೇಕಾದ ವಿಷಯವನ್ನು ತಿಳಿಸಲಿಲ್ಲ. ಮೃತರ ಕುಟುಂಬದೊಂದಿಗೆ ಬಹಿರಂಗಪಡಿಸಬಾರದೆಂಬ ಶರತ್ತಿನ ಒಪ್ಪಂದ ಮಾಡಿಕೊಂಡಿತು. 2018ರ ಅಕ್ಟೋಬರಿನಲ್ಲಿ ಹೆಸರಿಲ್ಲದ ದೂರೊಂದು ಹೋದ ಮೇಲೆಯೇ ಸರಕಾರದ ತನಿಖೆ ನಡೆಯಿತು. ನರ್ಸ್‌ನ ಮೇಲೆ ಕ್ರಿಮಿನಲ್ ಮೊಕದ್ದಮೆ ಬಿತ್ತು. ಅವಳ ಪರವಾನಿಗೆ ಹೋಯಿತು. 2022ರ ಮಾರ್ಚಿನಲ್ಲಿ ಅವಳು ಅಪರಾಧಿಯೆಂದು ತೀರ್ಪಾಯಿತು. ಮೇ ತಿಂಗಳಲ್ಲಿ ನ್ಯಾಯಾಲಯ ಜೈಲಿಗೆ ಕಳುಹಿಸದೆ ಮೂರು ವರ್ಷ ನಿಗಾದಲ್ಲಿರುವ ಶಿಕ್ಷೆ ವಿಧಿಸಿತು. ಹೇಳಿದವಳು ಕಟಕಟೆಯಲ್ಲಿ ನಿಂತಳು. ಮುಚ್ಚಿದ ಆಸ್ಪತ್ರೆಯಿಂದ ಯಾರೂ ಅಲ್ಲಿ ನಿಲ್ಲಲಿಲ್ಲ. ಇನ್ನು ಮುಂದೆ ಯಾವ ನರ್ಸ್ ತಾನೇ ಬಾಯಿ ಬಿಟ್ಟಾಳು ಎಂದು ಆ ದೇಶದ ನರ್ಸ್‌ಗಳ ಸಂಘಟನೆಗಳು ಆತಂಕಪಟ್ಟವು.

ಆದರೆ ಇನ್ನೊಂದು ಬದಿಯನ್ನೂ ಮರೆಯುವಂತಿಲ್ಲ. ಮೃತರ ಮಗ ನ್ಯಾಯಾಲಯದಲ್ಲಿ, ತನ್ನ ತಾಯಿ ಕ್ಷಮಾಗುಣದವರು, ಆಕೆ ಜೈಲಿಗೆ ಹೋಗುವುದನ್ನು ಅವರು ಬಯಸುತ್ತಿರಲಿಲ್ಲ ಎಂದು ಹೇಳಿದರು. ತನ್ನ ತಂದೆ ವಾರದಲ್ಲಿ ಹಲವು ಸಲ ಸಮಾಧಿಯ ಬಳಿ ಹೋಗಿ ಕುಳಿತು ಅಳುತ್ತಾರೆ ಎಂದೂ ಹೇಳಿದರು. ಕೈತಪ್ಪು ಎಂದು ನಾವು ಸುಲಭವಾಗಿ ಹೇಳುವ ಮಾತಿನ ಇನ್ನೊಂದು ತುದಿಯಲ್ಲಿ ಹೀಗೆ ಕುಳಿತಿರುವ ಒಬ್ಬ ವೃದ್ಧರಿರುತ್ತಾರೆ. ಅವರ ಹಕ್ಕನ್ನು ಯಾವ ವ್ಯವಸ್ಥೆಯ ಮಾತೂ ಅಳಿಸಲಾರದು.

ಹಾಗಾದರೆ ನ್ಯಾಯ ಯಾವುದು? ನಮ್ಮ ಕರ್ಮಶಾಸ್ತ್ರ ಪಂಡಿತರು ಎಲ್ಲ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗಿಳಿದವನು ನಷ್ಟಕ್ಕೆ ಹೊಣೆಗಾರನೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ತಿಳಿದವನು ಶ್ರದ್ಧೆಯಿಂದ ಮಾಡುವಾಗ ಕೈ ತಪ್ಪಿದ್ದು ಬೇರೆ. ಎಚ್ಚರಿಕೆಗಳನ್ನು ಕಂಡೂ ಉದಾಸೀನ ಮಾಡಿದ್ದು ಬೇರೆ. ಗೊತ್ತಿದ್ದೇ ಮಾಡಿದ ದ್ರೋಹ ಮತ್ತೂ ಬೇರೆ. ನಮ್ಮ ಸುಪ್ರೀಮ್ ಕೋರ್ಟ್ ಕೂಡ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ವೈದ್ಯರ ಮೇಲೆ ಕ್ರಿಮಿನಲ್ ಅಪರಾಧ ಹೊರಿಸಲು ಸಾಮಾನ್ಯ ಪ್ರಮಾದ ಸಾಲದು, ತೀವ್ರ ನಿರ್ಲಕ್ಷ್ಯವಿರಬೇಕು ಎಂದು ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗೆ ಶಿಕ್ಷೆಯಿದೆ. ಚಿಕಿತ್ಸೆಯ ನಡುವೆ ಆದದ್ದಾದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷಗಳವರೆಗೆ. ಈ ರಿಯಾಯಿತಿಯಲ್ಲಿ ನರ್ಸ್‌ಗಳ ಹೆಸರಿಲ್ಲ. ಡೆನ್ಮಾರ್ಕ್ ದೇಶದಲ್ಲಿ 2004ರಿಂದ ಬೇರೆಯೇ ದಾರಿಯಿದೆ. ಅಲ್ಲಿ ತಪ್ಪನ್ನು ತಿಳಿಸುವುದು ಆಸ್ಪತ್ರೆ ಸಿಬ್ಬಂದಿಯ ಕಡ್ಡಾಯ ಕರ್ತವ್ಯ, ತಿಳಿಸಿದ ಕಾರಣಕ್ಕೆ ಅವರನ್ನು ಶಿಕ್ಷಿಸುವಂತಿಲ್ಲ.

ನಮ್ಮ ಇತಿಹಾಸದಲ್ಲೂ ಇದಕ್ಕೊಂದು ಮಾದರಿಯಿದೆ. ಮಕ್ಕಾ ವಿಜಯದ ಬಳಿಕ ಬನೂ ಜದೀಮಾ ಗೋತ್ರದವರು ತಾವು ಇಸ್ಲಾಮ್ ಸ್ವೀಕರಿಸಿದೆವೆಂದು ಸರಿಯಾದ ಪದದಲ್ಲಿ ಹೇಳಲಾರದೆ ಹೋದರು. ಖಾಲಿದ್ ಬಿನ್ ವಲೀದ್(ರ)ರವರು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡದ್ದರಿಂದ ಜೀವಹಾನಿಯಾಯಿತು. ಸುದ್ದಿ ತಲುಪಿದಾಗ ಪ್ರವಾದಿ(ಸ)ರವರು ಅದನ್ನು ಮುಚ್ಚಿಡಲಿಲ್ಲ. ಕೈಯೆತ್ತಿ, ಖಾಲಿದ್‌ರ ಈ ಕೃತ್ಯದ ಹೊಣೆ ತಮ್ಮದಲ್ಲವೆಂದು ಅಲ್ಲಾಹನ ಮುಂದೆ ಸಾರಿದರು. ಅಲೀ(ರ)ರವರ ಕೈಯಲ್ಲಿ ಹಣ ಕಳುಹಿಸಿ ಪ್ರತಿ ಜೀವಕ್ಕೂ, ನಾಯಿ ನೀರು ಕುಡಿಯುವ ಪಾತ್ರೆಗೂ ಸಹ ಪರಿಹಾರ ಕೊಡಿಸಿದರು. ಹಣ ಮಿಕ್ಕಾಗ ಅಲೀ(ರ)ರವರು ಗೊತ್ತಾಗದೆ ಉಳಿದಿರಬಹುದಾದ ನಷ್ಟಕ್ಕೆಂದು ಅದನ್ನೂ ಅವರಿಗೇ ಕೊಟ್ಟರು. ಖಾಲಿದ್(ರ)ರವರ ಬದುಕು ಅಲ್ಲಿಗೆ ಮುಗಿಯಲಿಲ್ಲ. ಮುಂದೆಯೂ ಅವರು ಸೇನಾನಿಯಾಗಿ ಸೇವೆ ಸಲ್ಲಿಸಿದರು. ತಪ್ಪನ್ನು ತಪ್ಪೆಂದು ಬಹಿರಂಗವಾಗಿ ಒಪ್ಪಿದ್ದು, ಹಕ್ಕುದಾರನಿಗೆ ಎಣಿಕೆಗಿಂತ ಹೆಚ್ಚಾಗಿ ಕೊಟ್ಟದ್ದು, ತಪ್ಪಿದವನನ್ನು ನಾಶ ಮಾಡದೆ ಉಳಿಸಿಕೊಂಡದ್ದು, ಈ ಮೂರೂ ಅಲ್ಲಿ ಒಟ್ಟಿಗೆ ನಡೆದವು. ನಾವು ಸಾಮಾನ್ಯವಾಗಿ ಒಂದನ್ನು ಹಿಡಿದು ಎರಡನ್ನು ಬಿಡುತ್ತೇವೆ.

ಹೇಳಲು ಬಿಡದವರು ನಾವೇ

ಓದುಗರೇ, ನಮ್ಮಲ್ಲಿ ಹೆಚ್ಚಿನವರು ನರ್ಸ್‌ಗಳಲ್ಲ, ವೈದ್ಯರಲ್ಲ. ಹಾಗಾದರೆ ಇದರಲ್ಲಿ ನಮ್ಮ ಪಾಲೇನು?

ಆಸ್ಪತ್ರೆಯಲ್ಲಿ ನಮ್ಮವರೊಬ್ಬರಿಗೆ ಏನಾದರೂ ಆದ ದಿನವನ್ನು ನೆನಪಿಸಿಕೊಳ್ಳಿರಿ. ಐವತ್ತು ಜನ ಬಾಗಿಲಲ್ಲಿ ಸೇರುತ್ತಾರೆ. ಗಾಜು ಒಡೆಯುತ್ತದೆ. ಕೈಗೆ ಸಿಕ್ಕಿದ ಮೊದಲ ಬಿಳಿ ಅಂಗಿಯವನ ಕಾಲರಿಗೆ ಕೈ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು 2009ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಗಿ ಬಂತು. ಅಂಥ ಗುಂಪಿನ ಮುಂದೆ ನಿಂತು, ನನ್ನಿಂದ ತಪ್ಪಾಯಿತು ಎಂದು ಹೇಳುವ ಎದೆಗಾರಿಕೆ ಯಾರಿಗಿದೆ? ಹೊಡೆಯುವವನು ತಾನು ನ್ಯಾಯ ಕೇಳುತ್ತಿದ್ದೇನೆಂದು ಭಾವಿಸುತ್ತಾನೆ. ನಿಜದಲ್ಲಿ ಅವನು ಮುಂದಿನ ನೂರು ತಪ್ಪುಗಳ ಬಾಯಿಗೆ ಬೀಗ ಹಾಕುತ್ತಿದ್ದಾನೆ. ಆ ಬೀಗದ ಹಿಂದೆ ನಾಳೆ ಅವನ ತಾಯಿಯೇ ಮಲಗಿರಬಹುದು.

ಆಸ್ಪತ್ರೆ ನಡೆಸುವವರಿಗೂ ಒಂದು ಮಾತು. ತಪ್ಪು ಹೇಳಿದವಳಿಗೆ ಮೆಮೊ, ಮುಚ್ಚಿಟ್ಟವಳಿಗೆ ಬಡ್ತಿ ಎಂದಾದರೆ ನಿಮ್ಮ ವಾರ್ಡಿನಲ್ಲಿ ತಪ್ಪುಗಳೇ ಕಾಣಿಸವು. ತಪ್ಪುಗಳಿಲ್ಲವೆಂದು ಅದರ ಅರ್ಥವಲ್ಲ, ಒದ್ದೆಯೆಲ್ಲ ರಾಶಿಯ ಕೆಳಗಿದೆ ಎಂದು ಅರ್ಥ.

ಇನ್ನು ನಮ್ಮ ಮನೆಗಳು. ಸಕ್ಕರೆ ಕಾಯಿಲೆಯ ತಾಯಿಗೆ ಮಗನೋ ಸೊಸೆಯೋ ಇನ್ಸುಲಿನ್ ಚುಚ್ಚುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಸಿರಿಂಜಿನ ಮುಚ್ಚಳದ ಬಣ್ಣವನ್ನೂ ಬಾಟಲಿಯ ಮೇಲಿನ ಸಂಖ್ಯೆಯನ್ನೂ ಇಂದೇ ಹೋಲಿಸಿ ನೋಡಿರಿ. ಬೆಳಗಿನ ಮಾತ್ರೆಯನ್ನು ಮರೆತು ಎರಡು ಸಲ ಕೊಟ್ಟ ಸೊಸೆ, ಮಾವ ಬೈದಾರೆಂದು ಅದನ್ನು ವೈದ್ಯರಿಗೂ ಹೇಳದೆ ಇರುತ್ತಾಳೆ. ಆ ಭಯವನ್ನು ಮನೆಗೆ ತಂದವರು ಯಾರು? ಲೋಟ ಒಡೆದ ಮಗು ತಾನೇ ಬಂದು ಹೇಳಿದಾಗ ಕೆನ್ನೆಗೆ ಬಾರಿಸಿದವರು ಯಾರು? ಮಗು ಅಂದು ಕಲಿಯುವುದು ಲೋಟವನ್ನು ಜೋಪಾನ ಮಾಡಬೇಕೆಂಬುದನ್ನಲ್ಲ, ಚೂರುಗಳನ್ನು ಅಡಗಿಸುವುದನ್ನು. ಇಪ್ಪತ್ತು ವರ್ಷಗಳ ಬಳಿಕ ಅದೇ ಮಗು ಸಿರಿಂಜು ಹಿಡಿದು ವಾರ್ಡಿನಲ್ಲಿ ನಿಂತಿರುತ್ತದೆ.

ಆ ಹುಡುಗಿ

ಎರಡನೆಯ ಸಲ ಬಂದಾಗ ನಾನು ಅವಳಿಗೆ, ಮೊದಲು ಹೇಳಿದ್ದು ತಪ್ಪಾಯಿತಮ್ಮಾ ಎಂದೆ. ಅವಳು ತಲೆ ತಗ್ಗಿಸಿ, "ನನಗೆ ಹಾಗೇ ಅನಿಸಿತ್ತು ಉಸ್ತಾದ್. ನೀವು ಹೇಳಿದಿರಲ್ಲ ಎಂದು ಸುಮ್ಮನಿದ್ದೆ" ಎಂದಳು. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಅವಳ ಅಂತಃಸಾಕ್ಷಿ ಎಚ್ಚರವಾಗಿತ್ತು. ಅದನ್ನು ಮಲಗಿಸಿದ್ದು ನಾನು.

ಮರುವಾರ ಅವಳು ತನ್ನ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಎಲ್ಲವನ್ನೂ ಬರೆದು ಕೊಟ್ಟಳು. ಕೆಲಸ ಹೋಗಲಿಲ್ಲ. ಆದರೆ ವಿವರಣೆ ಕೇಳಿ ಮೆಮೊ ಬಂತು. ಜೊತೆಯವರು ಕೆಲವರು ಕೆಲವು ದಿನ ಅವಳೊಂದಿಗೆ ಮಾತು ಬಿಟ್ಟರು. ಕಿತ್ತಳೆ ಮುಚ್ಚಳದ ಪೆಟ್ಟಿಗೆ ಬೇರೆ ಕಪಾಟಿಗೆ ಹೋಯಿತು. ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬರಿಗೆ ತೋರಿಸಿಯೇ ಕೊಡಬೇಕೆಂಬ ನಿಯಮ ಬಂತು. ಆ ವೃದ್ಧರು ಮುಂದಿನ ತಪಾಸಣೆಗೆ ಬಂದಾಗ ವೈದ್ಯರ ಸಮ್ಮುಖದಲ್ಲಿ ಅವಳೇ ಅವರಿಗೆ ಹೇಳಿದಳಂತೆ. ಅವರು ಏನೆಂದರೆಂಬುದನ್ನು ಅವಳು ನನಗೆ ಹೇಳಿಲ್ಲ. ನಾನೂ ಕೇಳಿಲ್ಲ. ಅದು ಅವರಿಬ್ಬರ ನಡುವಿನ ಲೆಕ್ಕ.

ಉಪದೇಶ ಕೊಡುವ ನಮ್ಮಂಥವರ ತಪ್ಪಿಗೆ ಮೆಮೊ ಕೊಡುವವರಿಲ್ಲ, ಅದನ್ನು ದಾಖಲಿಸುವ ಪುಸ್ತಕವೂ ಇಲ್ಲ. ಆದ್ದರಿಂದ ನನ್ನದನ್ನು ಇಲ್ಲಿ ಬರೆದಿದ್ದೇನೆ. ಇದೇ ರೀತಿಯ ಪ್ರಶ್ನೆಗೆ ನನ್ನ ಬಾಯಿಂದಲೋ ಬೇರೊಬ್ಬರ ಬಾಯಿಂದಲೋ ಸುಮ್ಮನಿರು ಎಂಬ ಉತ್ತರ ಪಡೆದವರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಈ ಪುಟವನ್ನು ಅವರ ಕೈಗೆ ಕೊಡಿರಿ. ಒದ್ದೆಯಾದದ್ದನ್ನು ಮೇಲಿಡುವ ಧೈರ್ಯವನ್ನು ಅಲ್ಲಾಹನು ಅವರಿಗೂ ನಮಗೂ ಕರುಣಿಸಲಿ. ಹಾಗೆ ಮೇಲಿಟ್ಟವನನ್ನು ಕಲ್ಲೆಸೆಯದೆ ಕೇಳುವ ತಾಳ್ಮೆಯನ್ನೂ ನಮಗೆ ದಯಪಾಲಿಸಲಿ. ಆಮೀನ್.